ಹಳೆಹೊಳೆಯ ಗೇಟು

ತೊಟ್ಟಿ ಶನಿವಾರ ಮಧ್ಯಾಹ್ನ ಬಂತು. ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಬಂದ ಡ್ರೈವರು ಅದನ್ನು ಚರ್ಚಿನ ಪಕ್ಕ, ಮರದ ನೆರಳಿನಲ್ಲಿ ಇಳಿಸಿ ಹೊರಟುಹೋದ. ದೊಡ್ಡ ಅಲ್ಯೂಮಿನಿಯಂ ತೊಟ್ಟಿ. ಮಗ್ಗುಲಲ್ಲಿ ನೀಲಿ ಬಣ್ಣದ ಒಂದು ಮೀನಿನ ಚಿತ್ರ. ಉದ್ದುದ್ದ ಮೀಸೆ ಬಿಟ್ಟುಕೊಂಡು ಆ ಮೀನು ನಗುತ್ತಿತ್ತು.

ಓಜೆಲ್ಲಾಳಿಗೆ ಆ ಮೀನು ಗೊತ್ತಿಲ್ಲದ್ದೇನಲ್ಲ. ಕೊಳದಿಂದ ಫ್ಯಾಕ್ಟರಿಗೆ ಜೀವಂತ ಮೀನು ಹೊರುವ ತೊಟ್ಟಿ ಅದು. ಅದರಲ್ಲಿ ಬಂದ ಮೀನಿನ ಹೊಟ್ಟೆಯನ್ನೇ ಅವಳು ವರ್ಷಗಟ್ಟಲೆ ಸೀಳುತ್ತ ಬಂದಿದ್ದಾಳೆ. ನಾಳೆ ಬೆಳಿಗ್ಗೆ ಅದೇ ತೊಟ್ಟಿಯಲ್ಲಿ ಅವಳ ಗಂಡ ಕ್ಲಿಯೋಫಸ್‌ನನ್ನು ಮುಳುಗಿಸಿ ದೀಕ್ಷಾಸ್ನಾನ ಮಾಡಿಸುತ್ತಾರಂತೆ.

ವೇಡ್ ಪಾಸ್ಟರಿಗೆ ಖುಷಿಯೋ ಖುಷಿ. ಓದಿಕೊಂಡ ಹುಡುಗ, ಈ ಚರ್ಚಿನ ಸಭೆಗೆ ಬಂದು ಇನ್ನೂ ಎರಡನೇ ವರ್ಷ. ಕ್ರೌಚ್ ಸಾಹೇಬರು ಬಾಡಿಗೆ ಕೇಳಲಿಲ್ಲ, ಬ್ಲೀಚು ಹಾಕಿ ತೊಳೆಸಿ ಕೊಟ್ಟಿದ್ದಾರೆ, ಎಷ್ಟು ದೊಡ್ಡ ಮನಸ್ಸು ಎಂದು ಎಲ್ಲರಿಗೂ ಹೇಳಿದ. ಓಜೆಲ್ಲಾಳ ಜೊತೆ ಫ್ಯಾಕ್ಟರಿಯಲ್ಲಿ ಮೀನು ಸಾಗಿಬರುವ ಬೆಲ್ಟಿನಲ್ಲಿ ಕೆಲಸ ಮಾಡುವ ಲಟ್ರೀಸ್ ಅಲ್ಲೇ ಇದ್ದಳು. ಅವಳ ನಾಲಿಗೆಗೆ ಮೂಳೆಯಿಲ್ಲ.

"ಪಾಸ್ಟರೇ, ಸ್ನಾನ ಆದ್ಮೇಲೆ ಕ್ಲಿಯೋಫಸ್ ಚಿಕ್ಕಪ್ಪನ್ನ ಹಾಗೇ ಬೆಲ್ಟಿಗೆ ಕಳಿಸೋದಾ, ಇಲ್ಲಾ ಐಸಲ್ಲಿ ಇಡೋದಾ?"

ಪಾಸ್ಟರು ಕೇಳಿಸದವನಂತೆ ಒಳಗೆ ಹೋದ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಎಮ್ಮೆ ಕೊಟ್ಟವನೇ ಇರಬೇಕು.

ಈ ತಗ್ಗು ನಾಡಿನಲ್ಲಿ ಯಾರು ಯಾರೆಂದು ತಿಳಿಯಲು ನೆಲ ನೋಡಿದರೆ ಸಾಕು. ಮಿಸಿಸಿಪ್ಪಿ ಹೊಳೆ ಮೆಕ್ಕಲು ತಂದು ಎತ್ತರಿಸಿದ ದಂಡೆಯ ಮೇಲೆ ಬಿಳಿಯರ ಮನೆ, ಓಕ್ ಮರ, ಹುಲ್ಲುಹಾಸು. ಹಿಂದಿನ ತಗ್ಗಿನಲ್ಲಿ, ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುವ ಕರಿ ಎರೆಯಲ್ಲಿ, ಕರಿಯರ ಮನೆ. ನಡುವೆ ರೈಲು ಹಳಿ. ಹಳಿಯ ಪಕ್ಕ ಪಾಂಗ್ ಎಂಬ ಚೀನೀಯನ ದಿನಸಿ ಅಂಗಡಿ. ಎರಡೂ ಕಡೆಯವರು ಅವನಲ್ಲಿ ಸಾಮಾನು ಕೊಳ್ಳುತ್ತಾರೆ, ಯಾವ ಕಡೆಯವರೂ ಊಟಕ್ಕೆ ಕರೆಯುವುದಿಲ್ಲ. ಹೊಳೆಗೆ ಒಡ್ಡು ಕಟ್ಟಿದ್ದು ಕರಿಯರ ಅಜ್ಜಂದಿರು. ತಳ್ಳುಗಾಡಿಯಲ್ಲಿ ಮಣ್ಣು ತಳ್ಳಿ, ಬೆನ್ನ ಮೇಲೆ ಬಾರುಕೋಲಿನ ಏಟು ತಿಂದು ಕಟ್ಟಿದರು. ಬಿದ್ದು ಸತ್ತವನ ಮೇಲೆ ಇನ್ನೊಂದು ಗಾಡಿ ಮಣ್ಣು ಸುರಿದು ಮುಂದೆ ಹೋದರು ಎಂದು ಓಜೆಲ್ಲಾಳ ಅಜ್ಜಿ ಹೇಳುತ್ತಿದ್ದಳು. ಒಡ್ಡು ಮುಗಿದು ಒಣಗಿದ ನೆಲವೆಲ್ಲ ಯಾರದಾಯಿತು ಎಂದು ಕೇಳಬೇಡಿ.

ಯಾವುದೋ ಕಾಲದಲ್ಲಿ ಹೊಳೆ ಮಗ್ಗುಲು ಬದಲಿಸಿತು. ಅದು ಬಿಟ್ಟುಹೋದ ಕೊಂಕಿನಲ್ಲಿ ನೀರು ಹಾಗೇ ನಿಂತಿತು. ಅದಕ್ಕೆ ಹಳೆಹೊಳೆ ಎಂದು ಹೆಸರಾಯಿತು. ದಡದ ತುಂಬ ನೀರಲ್ಲೇ ಬೇರು ಬಿಟ್ಟು ನಿಲ್ಲುವ ಸೈಪ್ರಸ್ ಮರಗಳು, ಹಾವು, ಸೊಳ್ಳೆ. ಯಾರಿಗೂ ಬೇಡದ ನೀರು. ಬೇಡವಾದ್ದರಿಂದಲೇ ಇವರಿಗೆ ದಕ್ಕಿತು. ಬೈಬಲ್ಲಿನ ಬೆಟ್ಟವೊಂದರ ಹೆಸರಿನಲ್ಲಿ, ನೆಬೋ ಬೆಟ್ಟದ ಸಭೆ ಎಂದು ಚರ್ಚಿನ ಹೆಸರು. ಸುತ್ತ ಎಷ್ಟು ದೂರ ಹುಡುಕಿದರೂ ಇರುವೆಗೂಡಿಗಿಂತ ಎತ್ತರದ ದಿಬ್ಬವಿಲ್ಲ, ಆದರೂ ಬೆಟ್ಟ. ಆ ಸಭೆಯವರು ತಲೆತಲಾಂತರದಿಂದ ಹಳೆಹೊಳೆಯಲ್ಲೇ ಮುಳುಗಿ ಎದ್ದವರು. ಮೊದಲು ಸಭೆಯ ಹಿರಿಯನೊಬ್ಬ ಉದ್ದ ಕೋಲು ಹಿಡಿದು ನೀರಿಗೆ ಇಳಿಯಬೇಕು. ಎಲ್ಲಿ ಕೆಸರು, ಎಲ್ಲಿ ಗುಂಡಿ ಎಂದು ಕುಕ್ಕಿ ನೋಡಿ ಕೋಲು ನೆಡಬೇಕು. ಆಮೇಲೆ ಪಾಸ್ಟರು, ಆಮೇಲೆ ಬಿಳಿ ನಿಲುವಂಗಿ ತೊಟ್ಟವರು. ಓಜೆಲ್ಲಾ ಅಲ್ಲಿ ಮುಳುಗಿದ್ದಳು, ಅವಳ ತಾಯಿ ಮುಳುಗಿದ್ದಳು, ತಾಯಿಯ ತಾಯಿ ಬೆನ್ನ ಮೇಲೆ ಬಾರುಕೋಲಿನ ಬರೆ ಹೊತ್ತು ಮುಳುಗಿದ್ದಳು.

ಲ್ಯಾನಿಯರ್ ಕ್ರೌಚ್ ಬಂದ. ಅವನಪ್ಪ ಹತ್ತಿ ಬೆಳೆಯುತ್ತಿದ್ದ ನೆಲವನ್ನು ಮಗ ಅಗೆಸಿ ಮೀನಿನ ಕೊಳ ಮಾಡಿದ, ಫ್ಯಾಕ್ಟರಿ ಹಾಕಿದ. ಆಮೇಲೆ ಒಡ್ಡಿಗೂ ಹಳೆಹೊಳೆಗೂ ನಡುವಿನ ಪಟ್ಟಿಯನ್ನೂ ಕೊಂಡು ಬಾತುಕೋಳಿ ಬೇಟೆಯ ಕ್ಲಬ್ಬು ಮಾಡಿದ. ದಾರಿಗೆ ಕಬ್ಬಿಣದ ಗೇಟು, ಗೇಟಿಗೆ ಸರಪಳಿ. ಚಳಿಗಾಲದಲ್ಲಿ ದೊಡ್ಡ ಊರಿನ ಡಾಕ್ಟರುಗಳು, ವಕೀಲರು ಬಂದು ಬಾತು ಹೊಡೆಯುತ್ತಾರೆ. ಉಳಿದ ತಿಂಗಳುಗಳಲ್ಲಿ ಅವರ ನಾಯಿಗಳಿಗೆ ತರಬೇತಿ. ಸತ್ತ ಬಾತನ್ನು ನೀರಿನಿಂದ ಕಚ್ಚಿ ತರುವ ನಾಯಿಗಳು. ಸಭೆ ಎಲ್ಲಿ ಹಾಡುತ್ತ ನಿಲ್ಲುತ್ತಿತ್ತೋ ಅದೇ ದಡ ಇಳಿಜಾರಾಗಿದೆ, ಚೆನ್ನಾಗಿದೆ ಎಂದು ನಾಯಿಗಳನ್ನು ಅಲ್ಲೇ ಇಳಿಸುತ್ತಾರೆ. ನಾಯಿಗೆ ನೀರುಂಟು. ನೆಬೋ ಸಭೆಗಿಲ್ಲ.

ಜನ ಏನು ಮಾಡಿದರು? ಗೊಣಗಿದರು, ಸುಮ್ಮನಾದರು. ಸಭೆಯ ಅರ್ಧ ಜನರ ಅನ್ನ ಕ್ರೌಚನ ಫ್ಯಾಕ್ಟರಿಯಲ್ಲಿದೆ. ಮಕ್ಕಳನ್ನು ಪಕ್ಕದೂರಿನ ಚರ್ಚಿಗೆ ಕರೆದೊಯ್ದು ಅಲ್ಲಿನ ಟೈಲ್ಸ್ ತೊಟ್ಟಿಯಲ್ಲಿ ಮುಳುಗಿಸಿಕೊಂಡು ಬಂದರು. ಅದಕ್ಕೂ ಮೊದಲು, ಓಜೆಲ್ಲಾ ಹುಡುಗಿಯಾಗಿದ್ದಾಗ, ಊರಿನ ಈಜುಕೊಳಕ್ಕೆ ಕರಿಯ ಮಕ್ಕಳನ್ನೂ ಬಿಡಬೇಕೆಂದು ಕೋರ್ಟಿನ ಆಜ್ಞೆಯಾಯಿತು. ಮಾರನೇ ವಾರ ಲಾರಿಗಟ್ಟಲೆ ಮಣ್ಣು ತಂದು ಆ ಕೊಳವನ್ನೇ ಮುಚ್ಚಿದ್ದರು. ತಮಗೂ ಬೇಡ, ಇವರಿಗೂ ಬೇಡ. ಆಗಲೂ ಜನ ಸುಮ್ಮನಿದ್ದರು. ಸುಮ್ಮನಿರುವುದನ್ನು ಈ ನಾಡು ಹಾಲಿನ ಜೊತೆ ಕುಡಿಸುತ್ತದೆ.

ಕ್ಲಿಯೋಫಸ್ ಮಾತ್ರ ಟೈಲ್ಸ್ ತೊಟ್ಟಿ ಒಪ್ಪಲಿಲ್ಲ.

ಕ್ಲಿಯೋಫಸ್‌ನ ಕತೆ ಬೇರೆ. ಹನ್ನೆರಡನೇ ವಯಸ್ಸಿಗೆ ಅವನನ್ನೂ ಎಲ್ಲ ಮಕ್ಕಳಂತೆ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರಿಸಿದ್ದರು. ಆಗಸ್ಟಿನಲ್ಲಿ, ಹೊಲದ ಕೆಲಸ ಬಿಡುವಾದಾಗ, ವಾರವಿಡೀ ಆ ಬೆಂಚಿನಲ್ಲಿ ಕೂರಬೇಕು. ಸುತ್ತ ದೊಡ್ಡವರು ಅಳುತ್ತ ಹಾಡುತ್ತ ಪ್ರಾರ್ಥಿಸುತ್ತಾರೆ. ದೇವರು ಒಳಗೆ ಮುಟ್ಟಿದ ಎನ್ನಿಸಿದವನು ಎದ್ದು ನಿಲ್ಲಬೇಕು. ಒಬ್ಬೊಬ್ಬರೇ ಎದ್ದರು. ಸೆಕೆಗೆ ಎದ್ದವರು, ಅಪ್ಪನ ಕಣ್ಣಿಗೆ ಹೆದರಿ ಎದ್ದವರು, ಮುಗಿಸಿ ಮೀನು ಹಿಡಿಯಲು ಹೋಗಬಹುದೆಂದು ಎದ್ದವರು. ಕ್ಲಿಯೋಫಸ್ ಏಳಲಿಲ್ಲ. ನನಗೇನೂ ಆಗಲಿಲ್ಲ, ಆಗಿದೆ ಅಂತ ಹೇಗೆ ಹೇಳಲಿ ಎಂದ. ಅಪ್ಪ ಹೊಡೆದ. ಆದರೂ ಏಳಲಿಲ್ಲ. ಮದುವೆಯಾದ ಮೇಲೂ ಓಜೆಲ್ಲಾಳನ್ನು ಭಾನುವಾರ ಚರ್ಚಿನ ಬಾಗಿಲಿಗೆ ಬಿಟ್ಟು ತಾನು ಹೊರಗೆ ಟ್ರಕ್ಕಿನಲ್ಲೇ ಕೂತ ಗಂಡಸು ಅವನು.

ಹತ್ತಿ ಹೊಲದಲ್ಲಿ ಅವನ ಕೆಲಸ ಬಾವುಟ ಹಿಡಿಯುವುದು. ವಿಮಾನ ಔಷಧಿ ಹೊಡೆಯಲು ಬರುತ್ತದೆ. ಎಲ್ಲಿಂದ ಎಲ್ಲಿಗೆ ಹೊಡೆಯಬೇಕೆಂದು ತೋರಿಸಲು ಸಾಲಿನ ಕೊನೆಯಲ್ಲಿ ಒಬ್ಬ ಮನುಷ್ಯ ಬಾವುಟ ಎತ್ತಿ ನಿಂತಿರಬೇಕು. ವಿಮಾನ ತಲೆಯ ಮೇಲೇ ಹಾದುಹೋಗುತ್ತದೆ. ಹುಳಕ್ಕೆ ಬಿದ್ದ ವಿಷ ಅವನಿಗೂ ಬೀಳುತ್ತದೆ. ಸಂಜೆ ಮನೆಗೆ ಬಂದು ಅಂಗಿ ಹಿಂಡಿದರೆ ಔಷಧಿ. ಓಜೆಲ್ಲಾ ಆ ಅಂಗಿಗಳನ್ನು ಬೇರೆ ಬಾನಿಯಲ್ಲಿ ನೆನೆಹಾಕುತ್ತಿದ್ದಳು. ಹುಳ ಎಂದೋ ಸತ್ತವು. ಕ್ಲಿಯೋಫಸ್ ಈಗ ಸಾಯುತ್ತಿದ್ದಾನೆ. ಶ್ವಾಸಕೋಶ ತೂತಾದ ತಿದಿ. ಚಳಿಗಾಲ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ್ದ.

ಈ ಆಗಸ್ಟಿನಲ್ಲಿ ಅವನೇ ನಡೆದು ಹೋಗಿ ಆ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಚಿಕ್ಕ ಮಕ್ಕಳು ಕಾಲು ಆಡಿಸುತ್ತ ಕೂತಿದ್ದರು. ಗುರುವಾರ ಸಂಜೆ ಎದ್ದು ನಿಂತ. "ಈಗ ಆಯ್ತು," ಎಂದ, ಅಷ್ಟೆ. ಓಜೆಲ್ಲಾ ಬಾಯಿಗೆ ಸೆರಗು ತುರುಕಿಕೊಳ್ಳುವಂತೆ ಬೀಸಣಿಗೆಯನ್ನು ಮುಖಕ್ಕೊತ್ತಿ ಗೋಳೋ ಎಂದು ಅತ್ತಳು. ಮನೆಗೆ ಬಂದ ಮೇಲೆ ಅವನು ಒಂದೇ ಮಾತು ಕೇಳಿದ. ಅಮ್ಮ ಮುಳುಗಿದ ನೀರಲ್ಲಿ ನನ್ನನ್ನೂ ಮುಳುಗಿಸಿ. ಬೇರೇನೂ ಬೇಡ.

ಅದಕ್ಕೇ ಓಜೆಲ್ಲಾ ಕ್ರೌಚನ ಆಫೀಸಿಗೆ ಹೋದದ್ದು.

ಊಟದ ಬಿಡುವಿನಲ್ಲಿ ಹೋದಳು. ರಬ್ಬರ್ ಬೂಟು, ರಕ್ತ ಮೆತ್ತಿದ ಏಪ್ರನ್ನು. ಕಾರ್ಪೆಟ್ ಹಾಳಾಗುತ್ತದೆಂದು ಅಲ್ಲಿನ ಗುಮಾಸ್ತೆ ಬಾಗಿಲಲ್ಲಿ ಹಳೇ ಪೇಪರು ಹಾಸಿದಳು. ಅದರ ಮೇಲೆ ನಿಂತಳು ಓಜೆಲ್ಲಾ. ಕೈ ಹಿಂದೆ ಕಟ್ಟಿಕೊಂಡಳು. ಕಟ್ಟಿಕೊಂಡಳು ಅನ್ನುವುದಕ್ಕಿಂತ ಬಚ್ಚಿಟ್ಟಳು. ಅವಳ ಬೆರಳು ನೆಟ್ಟಗಾಗುವುದಿಲ್ಲ. ಚಾಕು ಹಿಡಿದ ಹಾಗೇ ಮಡಚಿಕೊಂಡಿವೆ, ಮಲಗಿದಾಗಲೂ ಹಾಗೇ. ಬೆಲ್ಟು ನಿಲ್ಲುವುದಿಲ್ಲ, ಮೀನು ನಿಲ್ಲುವುದಿಲ್ಲ. ಉಚ್ಚೆಗೆ ಹೋಗಬೇಕಾದರೂ ಮೇಸ್ತ್ರಿಯ ಮುಂದೆ ಕೈಯೆತ್ತಿ, ಅವನು ಇಡೀ ಸಾಲಿಗೆ ಕೇಳುವಂತೆ "ಮತ್ತೆ ಬಂತಾ?" ಎಂದು ನಕ್ಕ ಮೇಲೆ ಹೋಗಬೇಕು. ಮೊಮ್ಮಕ್ಕಳನ್ನು ಕಂಡ ಹೆಂಗಸರು ತಡೆಯಲಾರದೆ ನಿಂತಲ್ಲೇ ಬೂಟಿನೊಳಗೆ ಬಿಟ್ಟುಕೊಂಡದ್ದುಂಟು. ನೆಲದಲ್ಲಿ ಹೇಗೂ ನೀರಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ.

ಕ್ರೌಚ್ ಅವಳ ಮಗನ ವಯಸ್ಸಿನವನು. ಸಿಡುಕಲಿಲ್ಲ, ಬೈಯಲಿಲ್ಲ. ಹಾಗೆ ಬೈಯುವ ಕಾಲ ಹೋಯಿತು. ಈಗ ನಗುತ್ತ ಇಲ್ಲವೆನ್ನುತ್ತಾರೆ.

"ಓಜೆಲ್ಲಾ, ನಂಗೂ ಮಾಡಿಕೊಡಬೇಕು ಅಂತ ಆಸೆನೇ. ಆದ್ರೆ ಇನ್ಶೂರೆನ್ಸ್ ನೋಡು. ಯಾರಾದ್ರೂ ಜಾರಿ ಬಿದ್ರೆ ನನ್ನ ತಲೆ ಮೇಲೆ ಬರುತ್ತೆ."

ಜಾರಿ ಬೀಳುವುದು! ಅವನ ಫ್ಯಾಕ್ಟರಿಯ ನೆಲದಲ್ಲಿ ವಾರಕ್ಕೊಬ್ಬಳು ಜಾರಿ ಬೀಳುತ್ತಾಳೆ. ಬೆಲ್ಟಿನಲ್ಲಿ ಪಕ್ಕಕ್ಕೇ ನಿಲ್ಲುವ ಮರ್ಟಿಸಳ ಬೆರಳು ಮೀನಿನ ತಲೆ ಕತ್ತರಿಸುವ ಗರಗಸಕ್ಕೆ ಹೋದಾಗ, ನಿನ್ನ ಅಜಾಗರೂಕತೆ ಎಂದು ಬರೆಸಿಕೊಂಡು ಕಳಿಸಿದರು. ಆಗ ಯಾರ ತಲೆಯ ಮೇಲೂ ಏನೂ ಬರಲಿಲ್ಲ. ಓಜೆಲ್ಲಾ ಇದನ್ನೆಲ್ಲ ಅನ್ನಲು ಹೊರಟಳು. ನುಂಗಿದಳು. ಅಷ್ಟರಲ್ಲಿ ಅವನೇ, ನಮ್ಮ ಮೀನಿನ ತೊಟ್ಟಿ ಒಂದು ಖಾಲಿ ಇದೆ, ತೊಳೆಸಿ ಕಳಿಸುತ್ತೇನೆ, ನಿಮ್ಮ ಚರ್ಚಿನಂಗಳದಲ್ಲೇ ಮುಗಿಸಿಕೊಳ್ಳಿ ಎಂದ. ಓಜೆಲ್ಲಾ, "ದೊಡ್ಡ ಉಪಕಾರ ಆಯ್ತು ಸಾಹೇಬ್ರೇ," ಎಂದಳು. ಬಾಯಿ ತಾನಾಗಿಯೇ ಅಂದಿತು. ಬೆಲ್ಟಿಗೆ ಮರಳಿ ಚಾಕು ಹಿಡಿದ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವತ್ತು ಸಂಜೆಯವರೆಗೆ ಕತ್ತರಿಸಿದ್ದು ಮೀನು ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ತೊಟ್ಟಿಗೆ ಪೈಪು ಹಾಕಿ ನೀರು ತುಂಬಿದರು. ಜನ ಸೇರಿದರು. ಹೆಂಗಸರು ಬಿಳಿ ಉಟ್ಟು, ಬಿಳಿ ಹ್ಯಾಟು ಇಟ್ಟು ಬಂದರು. ಹಿರಿಯ ಹೆಜಕಾಯ ತಾತ ತನ್ನ ಉದ್ದ ಕೋಲು ಹಿಡಿದು ಬಂದ. ಪಾಸ್ಟರು ಅವನಿಗೆ, ಇವತ್ತು ಕೋಲು ಬೇಕಿಲ್ಲ ತಾತ, ತೊಟ್ಟಿಯಲ್ಲಿ ಗುಂಡಿ ಎಲ್ಲಿರುತ್ತೆ ಎಂದ. ತಾತ ಕೋಲು ಊರಿಕೊಂಡು ಒಂದು ಪಕ್ಕಕ್ಕೆ ನಿಂತ. ಕೆಲಸ ಕಳೆದುಕೊಂಡವನ ಮುಖ.

ಕ್ಲಿಯೋಫಸ್‌ನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ತಂದು ತೊಟ್ಟಿಯ ಮುಂದೆ ಇಟ್ಟರು. ಓಜೆಲ್ಲಾ ಹೊಲಿದ ಬಿಳಿ ನಿಲುವಂಗಿ ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದಂತೆ ಇತ್ತು. ಬಿಸಿಲು ಏರುತ್ತಿತ್ತು. ಬಿಸಿಲಿಗೆ ಲೋಹ ಕಾದಂತೆ ಬ್ಲೀಚಿನ ವಾಸನೆ ಹೋಗಿ ಒಳಗಿನದು ಮೇಲೆ ಬಂತು. ಈ ಜಾತಿಯ ಮೀನಿಗೆ ಹುರುಪೆಯಿಲ್ಲ, ಬರೀ ಲೋಳೆ. ಆ ಲೋಳೆ ಎಷ್ಟು ತೊಳೆದರೂ ಸಂದಿಯಲ್ಲಿ ಕೂರುತ್ತದೆ. ಓಜೆಲ್ಲಾ ತೊಟ್ಟಿಗೆ ಕೈ ಹಾಕಿ ಮೂಲೆ ಸವರಿದಳು. ಬೆರಳಿಗೆ ಅಂಟಿಕೊಂಡು ಬಂತು.

ಕ್ಲಿಯೋಫಸ್ ಅವಳ ಕೈ ನೋಡಿದ. ತೊಟ್ಟಿಯ ಮೇಲಿನ ನಗುವ ಮೀನನ್ನು ನೋಡಿದ.

"ಓಜಿ, ಇದು ಮೀನಿನ ಗಾಡಿ ಅಲ್ವೇನೇ?"

"ಹೂಂ."

"ಹನ್ನೆರಡು ವರ್ಷದವನಿದ್ದಾಗ ಅಪ್ಪ ಹೊಡೆದ್ರೂ ನಾನು ಸುಳ್ಳಿಗೆ ಎದ್ದು ನಿಲ್ಲಲಿಲ್ಲ. ಈಗ ಸಾಯೋ ಕಾಲಕ್ಕೆ ಸುಳ್ಳಿಗೆ ಮುಳುಗು ಅಂತೀಯಾ?"

ಕೆಮ್ಮು ಬಂತು. ಪೇಪರಿನ ಮೇಲೆ ನಿಂತದ್ದು, ಉಪಕಾರ ಆಯ್ತು ಅಂದದ್ದು, ನುಂಗಿದ ಒಂದೊಂದು ಮಾತೂ ಓಜೆಲ್ಲಾಳೊಳಗೆ ಸೇರಿ ಉರಿಯಿತು. ಪಾಸ್ಟರು ಮೆಲ್ಲಗೆ ಹತ್ತಿರ ಬಂದು, ಕೃಪೆ ಅನ್ನುವುದು ಜಾಗದಲ್ಲಿ ಇರುವುದಿಲ್ಲ, ಯಾವ ನೀರಾದರೂ ದೇವರ ಕಣ್ಣಿಗೆ ನೀರೇ ಎಂದು ತಿಳಿಹೇಳಿದ.

"ನೀರು ನೀರೇ ಆದ್ರೆ ಸರಿ ಪಾಸ್ಟರೇ," ಎಂದಳು ಓಜೆಲ್ಲಾ. "ಕ್ರೌಚನ ನಾಯಿಗಳನ್ನ ಈ ತೊಟ್ಟೀಲಿ ಈಜಿಸ್ಲಿ. ನಾವು ಹೊಳೆಗೆ ಹೋಗ್ತೀವಿ."

ಅವಳು ಕುರ್ಚಿಯ ಒಂದು ಕಾಲು ಹಿಡಿದಳು. ಇನ್ನೊಂದನ್ನು ಮರ್ಟಿಸ್ ಹಿಡಿದಳು, ಇದ್ದ ಬೆರಳುಗಳಲ್ಲಿ. ಲಟ್ರೀಸ್ ಒಂದು. ಬೆಲ್ಟಿನ ಇನ್ನೊಬ್ಬಳು ಒಂದು. ಕುರ್ಚಿ ಮೇಲೆದ್ದಿತು. ಪಾಸ್ಟರು ಅಕ್ಕಪಕ್ಕ ಓಡಾಡುತ್ತ, ಕೆಲಸದ ಬಗ್ಗೆ ಯೋಚನೆ ಮಾಡಿ, ಮಕ್ಕಳ ಬಗ್ಗೆ ಯೋಚನೆ ಮಾಡಿ ಎಂದ. ತಪ್ಪು ಮಾತೇನಲ್ಲ. ಎಲ್ಲರೂ ಯೋಚನೆ ಮಾಡುತ್ತಲೇ ನಡೆದರು. ಕೆಲವರು ರಸ್ತೆಯವರೆಗೆ ಬಂದು ನಿಂತುಬಿಟ್ಟರು, ಕೆಲವರು ಮನೆ ಕಡೆ ತಿರುಗಿದರು. ಅವರನ್ನು ಯಾರೂ ಕರೆಯಲಿಲ್ಲ. ಹೆಜಕಾಯ ತಾತ ಮಾತ್ರ ಎಲ್ಲರಿಗಿಂತ ಮುಂದೆ ಹೋದ. ನಾನು ಕುಕ್ಕಿ ನೋಡುವವರೆಗೆ ಯಾರೂ ಇಳಿಯುವಂತಿಲ್ಲ ಎಂದು ಗದರಿಸುತ್ತ ಹೋದ. ಒಡ್ಡು ಹತ್ತುವಾಗ ಅವನ ಮೊಣಕಾಲು ಲಟಲಟ ಎನ್ನುತ್ತಿತ್ತು.

ಒಡ್ಡಿನಾಚೆ ಗೇಟು. ಸರಪಳಿ, ಬೀಗ. ಒಳಗೆ ಬಂದರೆ ಶಿಕ್ಷೆ ಎನ್ನುವ ಬೋರ್ಡು. ಕುರ್ಚಿ ಇಳಿಸಿ ಎಲ್ಲರೂ ಗೇಟು ನೋಡಿದರು. ಯಾರೋ ಸುತ್ತಿಗೆ ತರೋಣ ಎಂದರು. ಓಜೆಲ್ಲಾ ಬೇಡ ಎಂದಳು. ಬೀಗ ಮುರಿದರೆ ಕಳ್ಳರು ಅನ್ನುತ್ತಾರೆ. ಗೇಟಿನ ಇನ್ನೊಂದು ಮಗ್ಗುಲಿಗೆ ಹೋಗಿ ಕೀಲು ನೋಡಿದಳು. ಬರೀ ಮೊಳೆಯ ಮೇಲೆ ಕೂರಿಸಿದ್ದರು. ಐಸಿನ ಮೀನು ತುಂಬಿದ ಪೆಟ್ಟಿಗೆಗಳನ್ನು ದಿನವಿಡೀ ಎತ್ತಿ ಇಡುವ ಹೆಂಗಸರು ಅವರು. ಸೊಂಟ ಬಗ್ಗಿಸಿ, ಬಿಳಿ ಲಂಗ ಮೊಣಕಾಲಿಗೆ ಸಿಕ್ಕಿಸಿ, ಕೆಳಗೆ ಕೈ ಕೊಟ್ಟರು. ಓಜೆಲ್ಲಾಳ ಮಡಚಿದ ಬೆರಳು ಕಬ್ಬಿಣಕ್ಕೆ ಕೊಕ್ಕೆಯ ಹಾಗೆ ಸರಿಯಾಗಿ ಕೂತವು. ಗೇಟು ಕೀಲಿನಿಂದ ಮೇಲೆದ್ದಿತು. ಬೀಗ ಬೀಗದ ಜಾಗದಲ್ಲಿ, ಸರಪಳಿ ಸರಪಳಿಯ ಜಾಗದಲ್ಲಿ. ಅದನ್ನು ಮೆತ್ತಗೆ ಹುಲ್ಲಿನ ಮೇಲೆ ಮಲಗಿಸಿದರು.

"ಇನ್ಶೂರೆನ್ಸ್ ಇಲ್ದೆ ಎತ್ತಿದ್ದೀವಿ ಕಣ್ರೇ," ಎಂದಳು ಲಟ್ರೀಸ್. ಹೆಂಗಸರು ನಕ್ಕರು. ಹೆದರಿಕೆ ಇದ್ದವರ ನಗು.

ದಡದಲ್ಲಿ ಒಬ್ಬ ಬಿಳಿ ಹುಡುಗ ಸೀಟಿ ಊದುತ್ತ ಎರಡು ಕಪ್ಪು ನಾಯಿಗಳನ್ನು ಈಜಿಸುತ್ತಿದ್ದ. ಇಷ್ಟು ಜನ ಬಿಳಿ ಉಟ್ಟು ಒಡ್ಡು ಇಳಿದು ಬರುವುದನ್ನು ಕಂಡು ಅವನ ಬಾಯಿಂದ ಸೀಟಿ ಬಿತ್ತು. ಟ್ರಕ್ಕಿಗೆ ಓಡಿ ಯಾರಿಗೋ ಫೋನು ಮಾಡಿದ. ತಾತ ಕೋಲು ಹಿಡಿದು ನೀರಿಗೆ ಇಳಿದ, ಕುಕ್ಕಿದ, ಇನ್ನೊಂದು ಹೆಜ್ಜೆ ಇಟ್ಟು ಕುಕ್ಕಿದ. ಎದೆಮಟ್ಟದಲ್ಲಿ ಕೋಲು ನೆಟ್ಟು ತಿರುಗಿ ನೋಡಿದ. ಹೆಂಗಸರು ಕ್ಲಿಯೋಫಸ್‌ನನ್ನು ಕುರ್ಚಿ ಸಮೇತ ನೀರಿಗೆ ಇಳಿಸಿದರು. ನೀರು ಸೊಂಟಕ್ಕೆ ಬಂದಾಗ ಅವನು ಎದ್ದು ನಿಂತ. ನೀರು ಅವನ ಭಾರ ಹೊತ್ತಿತು. ಓಜೆಲ್ಲಾ ಅವನ ಪಕ್ಕ ನಿಂತಳು, ಮಿಕ್ಕವರು ಖಾಲಿ ಕುರ್ಚಿ ಹಿಡಿದು ದಡಕ್ಕೆ ಮರಳಿದರು. ಒಂದು ನಾಯಿ ಈಜುತ್ತ ಬಂದು ಅವನ ಅಂಗಿ ಮೂಸಿ ಹೋಯಿತು.

ಕ್ರೌಚ್ ಬಂದ. ತನ್ನ ಚರ್ಚಿನಿಂದ ನೇರ ಬಂದಿದ್ದ, ಸೂಟು, ಟೈ. ಕಾರಿನಲ್ಲಿ ಹೆಂಡತಿ, ಸಣ್ಣ ಮಗಳು ಕೂತಿದ್ದರು. ಅವನು ಕೂಗಲಿಲ್ಲ. ಇದೇನು ಓಜೆಲ್ಲಾ, ನಿಮಗೆಂದೇ ತೊಟ್ಟಿ ಕಳಿಸಿದ್ದೆನಲ್ಲ, ಇದು ನನ್ನ ಆಸ್ತಿ, ಎಲ್ಲರೂ ಮೇಲೆ ಬನ್ನಿ ಎಂದ.

ಓಜೆಲ್ಲಾ ನೀರಿನಲ್ಲಿ ನಿಂತೇ ಅವನನ್ನು ನೋಡಿದಳು. ಅವನ ಮುಂದೆ ಅವಳ ಕೈ ಈ ಸಲ ಬೆನ್ನ ಹಿಂದೆ ಇರಲಿಲ್ಲ.

"ನಿನ್ನ ಮಗಳಿಗೆ ಈಸ್ಟರಲ್ಲಿ ದೀಕ್ಷಾಸ್ನಾನ ಮಾಡಿಸಿದ್ಯಲ್ಲ ಲ್ಯಾನಿಯರ್, ಯಾವ ಮೀನಿನ ತೊಟ್ಟೀಲಿ ಮಾಡಿಸ್ದೆ?"

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅವನಿಗಿಂತ ಮೊದಲು ಅವಳ ಜೊತೆಯವರಿಗೇ ಬಡಿಯಿತು. ಮರ್ಟಿಸ್ ಕಣ್ಣು ಮುಚ್ಚಿಕೊಂಡಳು. ಕ್ರೌಚ್‌ನ ಕುತ್ತಿಗೆ ಕೆಂಪಾಯಿತು, ಆ ಕೆಂಪು ಕಾಲರಿನಿಂದ ಕಿವಿಗೆ ಹತ್ತಿತು. ಅವನು ಹುಡುಗನಿಗೆ ನಾಯಿಗಳನ್ನು ಹೊರಗೆ ಕರಿ ಎಂದ.

"ನಾಯಿ ಇರ್ಲಿ ಬಿಡು," ಎಂದಳು ಓಜೆಲ್ಲಾ. "ಅವಕ್ಕೇನೂ ನಮ್ಮಿಂದ ತೊಂದ್ರೆ ಇಲ್ಲ, ನೋಡಿದ್ಯಲ್ಲ." ಆಮೇಲೆ ದಡಕ್ಕೆ ತಿರುಗಿದಳು. "ಪಾಸ್ಟರೇ, ಇಳೀತೀರೋ? ನಾನೇ ಮುಳುಗಿಸ್ಲೋ?"

ವೇಡ್ ಪಾಸ್ಟರು ಕ್ರೌಚನನ್ನು ನೋಡಿದ. ನೀರು ನೋಡಿದ. ನೀರಿನಲ್ಲಿ ತುಟಿ ನೀಲಿಯಾಗಿ ನಡುಗುತ್ತಿದ್ದ ಮುದುಕನನ್ನು ನೋಡಿದ. ಬೂಟು ಬಿಚ್ಚಲು ಬಗ್ಗಿದವನಿಗೆ ಲೇಸಿನ ಗಂಟು ಬಿಚ್ಚಲಾಗಲಿಲ್ಲ. ಕೊನೆಗೆ ಬೂಟಿನ ಸಮೇತ ಇಳಿದ. ಒಂದು ಕೈ ಕ್ಲಿಯೋಫಸ್‌ನ ಬೆನ್ನಿಗೆ, ಒಂದು ಕೈ ಎದೆಗೆ ಇಟ್ಟು, ತಂದೆಯ ಮಗನ ಪವಿತ್ರಾತ್ಮನ ಹೆಸರಿನಲ್ಲಿ ಎಂದ. ಧ್ವನಿ ಒಡೆದಿತ್ತು, ಆದರೂ ಅಂದ. ಹಿಂದಕ್ಕೆ ಬಾಗಿಸಿ ಪೂರ್ತಿ ಮುಳುಗಿಸಿದ. ಕಂದು ನೀರು ಮುಖದ ಮೇಲೆ ಮುಚ್ಚಿತು. ಎತ್ತಿದಾಗ ಕ್ಲಿಯೋಫಸ್ ಉಸಿರಿಗೆ ಒದ್ದಾಡಿದ, ಕೆಮ್ಮಿದ, ಹೆಂಡತಿಯ ಹೆಗಲು ಹಿಡಿದುಕೊಂಡ. ಅಳುತ್ತಿದ್ದ. ಓಜೆಲ್ಲಾ ಅವನ ಮುಖ ಒರೆಸಿದಳು. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ.

"ಮುಗೀತಲ್ಲ," ಎಂದ ಕ್ರೌಚ್ ಮೇಲಿನಿಂದ. "ಓಜೆಲ್ಲಾ, ನಾಳೆಯಿಂದ ನೀನು ಬರಬೇಡ. ಮಿಕ್ಕವರು ಈಗಲೇ ಮನೆಗೆ ಹೋದ್ರೆ ನಾನು ಯಾರನ್ನೂ ನೋಡಿಲ್ಲ ಅಂದ್ಕೋತೀನಿ."

ದೊಡ್ಡ ಮನಸ್ಸು! ದಡದಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಲ್ಟಿನ ಒಂದೊಂದು ದಿನ ಆ ಮುಖಗಳ ಮೇಲಿತ್ತು. ಮರ್ಟಿಸ್ ಹ್ಯಾಟು ತೆಗೆದು ಹುಲ್ಲಿನ ಮೇಲೆ ಇಟ್ಟಳು. ನೀರಿಗೆ ಇಳಿದಳು. ಅವಳ ಹಿಂದೆ ಲಟ್ರೀಸ್, ಅವಳ ಹಿಂದೆ ಇನ್ನೊಬ್ಬಳು. ಹ್ಯಾಟುಗಳ ಸಾಲು ಬೆಳೆಯಿತು. ಪಾಸ್ಟರು ಗಾಬರಿಯಾದ. ಇವರೆಲ್ಲ ಚಿಕ್ಕಂದಿನಲ್ಲೇ ಮುಳುಗಿದವರು. ದೀಕ್ಷಾಸ್ನಾನ ಒಂದೇ ಸಲ, ಎರಡನೇ ಸಲ ಮಾಡಿದರೆ ಅದು ದೀಕ್ಷೆಯೇ ಅಲ್ಲ, ಶಾಸ್ತ್ರದಲ್ಲಿಲ್ಲ ಎಂದ.

"ಹಾಗಾದ್ರೆ ಬರೀ ಸ್ನಾನ ಅಂದ್ಕೊಳ್ಳಿ ಪಾಸ್ಟರೇ," ಎಂದಳು ಮರ್ಟಿಸ್. "ವಾರವೆಲ್ಲ ಅವನ ಮೀನಿನ ನಾತ ಹೊತ್ತಿದ್ದೀವಿ. ಇವತ್ತು ತೊಳ್ಕೋತೀವಿ."

ಮೂಗು ಹಿಡಿದು ತಾನೇ ಮುಳುಗಿದಳು. ಎದ್ದಳು. ಮತ್ತೆ ಮುಳುಗಿದಳು. ಎಲ್ಲರೂ ಮುಳುಗಿದರು. ಯಾರೂ ಹಾಡಲಿಲ್ಲ. ನೀರಿನ ಸದ್ದು, ಉಸಿರಿನ ಸದ್ದು ಅಷ್ಟೆ. ಕ್ರೌಚ್ ಕಾರಿನ ಕಡೆ ತಿರುಗಿದ. ಅವನ ಮಗಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

ಶೆರಿಫನ ಕಡೆಯ ಪೇದೆ ಬರುವ ಹೊತ್ತಿಗೆ ಬಟ್ಟೆ ಅರ್ಧ ಒಣಗಿತ್ತು. ಕರಿಯ ಹುಡುಗನೇ, ಹಳಿಯ ಈಚೆ ತಗ್ಗಿನವನೇ. ಕ್ರೌಚ್ ಬೆರಳು ಮಾಡಿದ್ದು ಒಬ್ಬಳ ಕಡೆಗೆ ಮಾತ್ರ. ಪೇದೆ ಮುಖ ಎತ್ತದೆ, ಕೈಕೋಳ ಹಾಕಲೇಬೇಕು ಅಮ್ಮ, ನಿಯಮ ಎಂದ. ಓಜೆಲ್ಲಾ ಕೈ ಚಾಚಿದಳು. ಕ್ಲಿಯೋಫಸ್ ಕುರ್ಚಿಯಿಂದ, ನಾನು ಚೆನ್ನಾಗಿದ್ದೀನಿ, ನೀನು ಹೋಗು ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿ ತಿಂಗಳುಗಳಾಗಿತ್ತು.

ಸೋಮವಾರ ಬೆಳಿಗ್ಗೆ ಫ್ಯಾಕ್ಟರಿಯ ಬೆಲ್ಟು ಎಂದಿನಂತೆ ಶುರುವಾಯಿತು. ಮೀನು ಬಂತು. ಕೈ ಬರಲಿಲ್ಲ. ಬಂದ ಕೆಲವರು ಖಾಲಿ ಸಾಲು ನೋಡಿ ಬಾಗಿಲಿನಿಂದಲೇ ಹಿಂದಿರುಗಿದರು. ಮೇಸ್ತ್ರಿ ಬೆಲ್ಟು ನಿಲ್ಲಿಸುವ ಮೊದಲೇ ಮೀನು ತುದಿಯಿಂದ ನೆಲಕ್ಕೆ ಬಿದ್ದು ರಾಶಿಯಾಗಿ, ಬಾಯಿ ತೆರೆದು ಮುಚ್ಚಿ ಸತ್ತವು. ಹೊರಗೆ ತುಂಬಿದ ಟ್ರಕ್ಕುಗಳು ಬಿಸಿಲಲ್ಲಿ ಸಾಲಾಗಿ ನಿಂತವು. ಹೆಂಗಸರು ಊರಿನ ಜೈಲಿನ ಮೆಟ್ಟಿಲ ಮೇಲೆ ಕೂತಿದ್ದರು. ಜೋಳದ ರೊಟ್ಟಿ, ಹುರಿದ ಕೋಳಿ ತಂದಿದ್ದರು. ಅವರ ಮಾತು, ಲಟ್ರೀಸಳ ಕುಚೋದ್ಯ ಕಿಟಕಿಯಿಂದ ಒಳಗೆ ಓಜೆಲ್ಲಾಳಿಗೆ ಕೇಳಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನಿನ್ನೆಯ ಪೇದೆಯೇ ಬಂದು ಸೆಲ್ಲಿನ ಬಾಗಿಲು ತೆಗೆದ. ಕ್ರೌಚ್ ಸಾಹೇಬರು ದೂರು ವಾಪಸ್ ತೆಗೆದುಕೊಂಡರು, ಕೆಲಸಕ್ಕೂ ಬರಲಿ ಅಂದಿದ್ದಾರೆ, ಹೊರಡಿ ಅಮ್ಮ ಎಂದ. ಅವನ ಮುಖದಲ್ಲಿ ಸಂತೋಷವಿತ್ತು. ಓಜೆಲ್ಲಾ ಬಗ್ಗಿ, ಚರ್ಚಿಗೆಂದು ಹಾಕಿಕೊಂಡು ಬಂದಿದ್ದ ಬೂಟಿಗೆ ಕಾಲು ಹಾಕಿದಳು. ಅರ್ಧ ಹಾಕಿ ನಿಲ್ಲಿಸಿದಳು.

"ಗೇಟು?"

ಪೇದೆ ತಲೆ ಕೆರೆದುಕೊಂಡ. ಬೆಳಿಗ್ಗೆ ಇಬ್ಬರು ವೆಲ್ಡಿಂಗ್ ಮಷಿನ್ನು ತಗೊಂಡು ಹಳೆಹೊಳೆಯ ಗೇಟಿನ ಕಡೆ ಹೋದದ್ದು ನೋಡಿದೆ ಎಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಓಜೆಲ್ಲಾ ಬೂಟು ಬಿಚ್ಚಿದಳು. ಎರಡನ್ನೂ ಜೋಡಿಸಿ ಗೋಡೆಗೆ ಇಟ್ಟಳು. ಕಾಲು ಮೇಲೆ ಎಳೆದುಕೊಂಡು ಮಂಚದ ಮೇಲೆ ಕೂತಳು.

"ಅಮ್ಮ, ಬಿಡುಗಡೆ ಆದೋರನ್ನ ಒಳಗಿಟ್ಕೊಳ್ಳೋಕೆ ನಂಗೆ ಅಧಿಕಾರ ಇಲ್ಲ."

"ಎತ್ತಿ ಹೊರಗೆ ಹಾಕೋಕೆ ಇದ್ಯಾ?"

ಅವನು ಬಾಗಿಲು ಹಿಡಿದು ನಿಂತ. ಹಾಕುವುದೋ ತೆಗೆದಿಡುವುದೋ ತಿಳಿಯಲಿಲ್ಲ.

"ಹೋಗಿ ಹೇಳು ಮಗ," ಎಂದಳು ಓಜೆಲ್ಲಾ. "ಆ ಗೇಟು ನಾವು ಮಲಗಿಸಿದ ಜಾಗದಲ್ಲೇ ಮಲಗಿರಬೇಕು. ಅಲ್ಲೀವರೆಗೆ ನಾನೂ ಏಳಲ್ಲ, ಮೆಟ್ಟಿಲ ಮೇಲಿರೋರೂ ಏಳಲ್ಲ. ಅವನ ಮೀನು ಕೊಳೀಲಿ."